ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ನಾಯಿ ಎಲ್ಲಿ ಮಲಗುತ್ತದೆ?

ಹೊಸ ಮನೆಯ ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಒಣಗುವ ಮೊದಲೇ ನಮ್ಮ ಕಡೆ ಒಂದು ಪ್ರಶ್ನೆ ಹುಟ್ಟುತ್ತದೆ: "ಯಾವ ನಾಯಿ ತರೂಣ್ರೀ?" ಕೇಳುವವರ ಮೊಬೈಲಿನಲ್ಲಿ ಆಗಲೇ ನಾಲ್ಕು ಫೋಟೋ ಇರುತ್ತವೆ. ಒಂದು ಹಸ್ಕಿ, ಒಂದು ರಾಟ್‌ವೀಲರ್, ಒಂದು ಲ್ಯಾಬ್ರಡಾರ್, ಮಗಳ ಹಟಕ್ಕೆ ಒಂದು ಶಿಟ್ಜು. ಸ್ವಭಾವ, ತೂಕ, ಕೂದಲು ಯಾವುದರಲ್ಲೂ ಈ ನಾಲ್ಕಕ್ಕೆ ಸಂಬಂಧವಿಲ್ಲ. ನಾಲ್ಕೂ ಎರಡು ತಿಂಗಳ ಮರಿಯ ಫೋಟೋ ಎನ್ನುವುದಷ್ಟೇ ನಂಟು. ಮರಿಯಾಗಿ ಅದು ಇರುವುದು ನಾಲ್ಕೈದು ತಿಂಗಳು. ಆಮೇಲಿನ ಹತ್ತು ಹನ್ನೆರಡು ವರ್ಷ ಮನೆಯಲ್ಲಿ ಇರುವುದು ಬೇರೆಯೇ ಪ್ರಾಣಿ.

ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ತಿರುಗಿ ಕೇಳಬೇಕಾದದ್ದು ಒಂದಿದೆ. ನಿಮ್ಮ ಮನೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಾಯಿ ಎಲ್ಲಿ ಮಲಗುತ್ತದೆ? ಆಗ ಮನೆಯಲ್ಲಿ ಯಾರಿರುತ್ತಾರೆ? "ಪೋರ್ಚಿನ್ಯಾಗ ಕಟ್ತೀವ್ರಿ", "ಪಾವಟಿಗಿ ಕೆಳಗ ಜಾಗಾ ಐತ್ರಿ", "ಮ್ಯಾಲೆ ಟೆರೇಸಿನ್ಯಾಗ ತಗಡಿನ ಶೆಡ್ ಹಾಕ್ಸೀವ್ರಿ". ಉತ್ತರ ಇವುಗಳಲ್ಲಿ ಒಂದಾಗಿದ್ದರೆ ಪಟ್ಟಿಯಲ್ಲಿರುವ ಅರ್ಧ ತಳಿಗಳು ಅಲ್ಲಿಗೇ ಬಿದ್ದುಹೋಗುತ್ತವೆ. ನಾಯಿ ಗೇಟಿನ ಹತ್ತಿರ ನಿಂತು ಬೊಗಳುವುದು ದಿನಕ್ಕೆ ಹತ್ತು ನಿಮಿಷ. ಮಲಗುವುದು ಹದಿನಾಲ್ಕು ತಾಸು. ನಾವು ತಳಿ ಆರಿಸುವುದು ಮಾತ್ರ ಆ ಹತ್ತು ನಿಮಿಷಕ್ಕೆ.

ಮೂಗು ಮತ್ತು ಬಿಸಿಲು

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯ ಮೇಲೆ ಏಪ್ರಿಲ್‌ನ ಒಂದು ಬೆಳಿಗ್ಗೆ ಕಂಡ ನೋಟ ಇದು. ಎಂಟೂವರೆ ಆಗಿತ್ತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಒಂದು ಹಸ್ಕಿ ನಡೆಯುವುದನ್ನು ನಿಲ್ಲಿಸಿ, ಕಾಂಕ್ರೀಟಿನ ಮೇಲೆ ನಾಲ್ಕೂ ಕಾಲು ಚಾಚಿ ಹೊಟ್ಟೆ ಹಚ್ಚಿ ಮಲಗಿಬಿಟ್ಟಿತ್ತು. ಹಗ್ಗ ಹಿಡಿದ ಹುಡುಗ "ಏಳಲೇ, ಏಳಲೇ" ಎಂದು ಜಗ್ಗುತ್ತಿದ್ದ. ವಾಕಿಂಗಿಗೆ ಬಂದಿದ್ದ ಹಿರಿಯರೊಬ್ಬರು ನಿಂತು, "ತಮ್ಮಾ, ಅದಕ್ಕ ಸೊಕ್ಕು ಬಂದಿಲ್ಲೋ, ಉರಿ ಹತ್ತೇತಿ. ನೆರಳಿಗೆ ಒಯ್ಯಿ" ಎಂದರು. ಹುಡುಗ ನಾಚಿಕೊಂಡು, "ಮನ್ಯಾಗ ಕೂಲರ್ ಮುಂದ ಇರ್ತೈತ್ರಿ ಅಜ್ಜಾರ, ಹೊರಗ ಬಂದಾಗ ಅಷ್ಟ ಹಿಂಗ" ಎಂದ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲೆಂದು ಬೆಳೆಸಿದ ನಾಯಿ ಹುಬ್ಬಳ್ಳಿಯಲ್ಲಿ ಕೂಲರಿನ ಮುಂದೆ ಒಂದು ಆಯುಷ್ಯ ಕಳೆಯಬೇಕು. ಕರೆಂಟು ಹೋದ ಹೊತ್ತಿಗೆ ಅದೂ ಇಲ್ಲ.

ನಾಯಿಗೆ ನಮ್ಮಂತೆ ಮೈತುಂಬ ಬೆವರುವುದಿಲ್ಲ. ಅಂಗಾಲಿನಲ್ಲಿ ಅಷ್ಟಿಷ್ಟು ಬೆವರು ಬಿಟ್ಟರೆ, ಮೈ ತಂಪಾಗುವುದು ತೇಕುವುದರಿಂದ. ನಾಲಿಗೆ, ಬಾಯಿ, ಮೂಗಿನೊಳಗಿನ ತೇವ ಆವಿಯಾಗಿ ಬಿಸಿ ಹೊರಗೆ ಹೋಗಬೇಕು. ಅದರ ಮೈಬಿಸಿಯೇ 38.3ರಿಂದ 39.2 ಡಿಗ್ರಿ. ಹೊರಗೆ 37-38 ಇದ್ದಾಗ ಗಾಳಿಗೆ ನಿಂತರೂ ಮೈ ಆರುವುದಿಲ್ಲ, ತೇಕುವುದೊಂದೇ ದಾರಿ. ಪಗ್, ಫ್ರೆಂಚ್ ಬುಲ್‌ಡಾಗ್, ಶಿಟ್ಜುಗಳಲ್ಲಿ ಈ ದಾರಿಯೇ ಮೊಟಕು. ಮೂತಿ ಗಿಡ್ಡ, ಮೂಗಿನ ಹೊಳ್ಳೆ ಸಣ್ಣ, ಅಂಗುಳದ ಹಿಂಭಾಗದ ಮೃದು ಮಾಂಸ ಉಸಿರಿನ ದಾರಿಗೆ ಅಡ್ಡ. 2003ರಲ್ಲಿ ಪಗ್ ಕಾಣಿಸಿಕೊಂಡ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ನಂತರ ಊರೂರಿಗೆ ಪಗ್ ಬಂತು. ಅದರ ಗೊರಕೆಯನ್ನು ಮುದ್ದು ಎಂದುಕೊಂಡವರೇ ಹೆಚ್ಚು. ಎಚ್ಚರವಿದ್ದಾಗಲೂ ಗೊರಗೊರ ಎನ್ನುವ ನಾಯಿ ಉಸಿರಿಗೆ ಒದ್ದಾಡುತ್ತಿದೆ ಎಂದೇ ಅರ್ಥ.

ತೇಕು ನಿಲ್ಲದೆ, ಒಸಡು ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಅದು ಬಿಸಿಲಿನ ಹೊಡೆತ. ಮೈಬಿಸಿ 41 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ಹೊಟ್ಟೆ, ತೊಡೆಸಂದಿ, ಪಾದಗಳ ಮೇಲೆ ನಲ್ಲಿ ನೀರು ಸುರಿಯುತ್ತ, ಫ್ಯಾನ್ ಹಚ್ಚಿ, ಹಾಗೇ ಡಾಕ್ಟರ ಕಡೆ ಒಯ್ಯಬೇಕು. ಒದ್ದೆ ಟವೆಲ್ ಸುತ್ತಿ ಬಿಡಬಾರದು, ಸ್ವಲ್ಪ ಹೊತ್ತಿಗೆ ಅದೇ ಕಂಬಳಿಯಂತಾಗಿ ಬಿಸಿ ಹಿಡಿದಿಡುತ್ತದೆ. ಬೇಸಿಗೆಗೆಂದು ಹಸ್ಕಿ, ಸ್ಪಿಟ್ಜ್‌ಗಳನ್ನು ಬೋಳಿಸುವುದೂ ತಪ್ಪು. ಆ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ, ಒಮ್ಮೆ ಬೋಳಿಸಿದರೆ ಮೊದಲಿನಂತೆ ಬರದೆಯೂ ಹೋಗಬಹುದು. ವಾರಕ್ಕೆ ಮೂರು ಸಲ ಬಾಚಿ ಒಳಗಿನ ಸತ್ತ ಉಣ್ಣೆ ತೆಗೆದರೆ ಸಾಕು.

ಹಾಗಾದರೆ ಜಾಗವನ್ನು ಅಳೆಯುವುದು ಹೇಗೆ? ನಾಯಿಗೆಂದು ಗೊತ್ತುಮಾಡಿದ ಜಾಗದಲ್ಲಿ, ನೆಲದಿಂದ ಒಂದಡಿ ಮೇಲೆ, ಗೋಡೆಗೆ ತೂಗುಹಾಕುವ ಸಾದಾ ಥರ್ಮಾಮೀಟರ್ ಇಡಿ. ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ ಯಾವುದೇ ಒಂದು ವಾರ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನೋಡಿ. 32ರ ಒಳಗಿದ್ದರೆ ಗಿಡ್ಡ ಕೂದಲಿನ ಹೆಚ್ಚಿನ ತಳಿಗಳಿಗೆ ತೊಂದರೆ ಇಲ್ಲ. 35 ದಾಟಿದರೆ ಮುಧೋಳ ಬೇಟೆನಾಯಿ ಅಥವಾ ನಮ್ಮ ಬೀದಿಯ ತಳಿ ಬಿಟ್ಟು ಬೇರೆಯದನ್ನು ಯೋಚಿಸಬಾರದು. 40 ದಾಟುವ ತಗಡಿನ ಶೆಡ್ಡು ಯಾವ ನಾಯಿಗೂ ಅಲ್ಲ, ಅದನ್ನು ಕಟ್ಟಿಗೆ ಇಡಲು ಬಳಸಿ. ಗದಗ, ರೋಣದ ಕಡೆಯ ಹಳೆಯ ಮಾಳಿಗೆ ಮನೆಗಳಿಗೆ ಈ ಲೆಕ್ಕದಲ್ಲಿ ಹೆಚ್ಚಿನ ಅಂಕ ಸಲ್ಲಬೇಕು. ಎರಡಡಿ ದಪ್ಪದ ಮಣ್ಣಿನ ಗೋಡೆಯ ಪಡಸಾಲೆಯ ಮೂಲೆ ಯಾವ ಕೂಲರಿಗೂ ಕಡಿಮೆಯಿಲ್ಲ. ಹೊಸ ಆರ್‌ಸಿಸಿ ಮನೆಯ ಪಶ್ಚಿಮಕ್ಕೆ ಮುಖ ಮಾಡಿದ ಪೋರ್ಚ್ ಮಾತ್ರ ಸಂಜೆ ಆರರವರೆಗೂ ಹಂಚಿನಂತೆ ಕಾದಿರುತ್ತದೆ.

ನಮ್ಮದೇ ತಳಿ ಇದೆಯಲ್ಲ

ಇಷ್ಟು ಹೇಳಿದ ಮೇಲೆ ಎದುರಿನವರು ಎದೆಯುಬ್ಬಿಸಿ ಹೇಳುವ ಮಾತು, "ಹಂಗಾರ ಮುಧೋಳ ತಂದ್ರಾತು ಬಿಡ್ರಿ, ನಮ್ಮದ ತಳಿ". ಹೆಮ್ಮೆಗೆ ಕಾರಣವಿದೆ. 2005ರಲ್ಲಿ ಅಂಚೆ ಇಲಾಖೆ ಭಾರತದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳ ಇತ್ತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದರು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ, ಹುಬ್ಬಳ್ಳಿಯಿಂದ ಮೂರು ತಾಸಿನ ದಾರಿ. ಬಿಸಿಲಿಗೆ, ಒಣ ಹವೆಗೆ, ಜೋಳದ ನಾಡಿನ ಊಟಕ್ಕೆ ಒಗ್ಗಿದ ನಾಯಿ ಹೌದು. ಆದರೆ ಎಲ್ಲ ಮನೆಗೂ ಒಗ್ಗುತ್ತದೆಯೇ?

ನವಲಗುಂದದ ಕಡೆ ಕಡಲೆ ಕಿತ್ತು ಖಾಲಿಯಾದ ಎರೆಹೊಲದಲ್ಲಿ ಈ ನಾಯಿ ಓಡುವುದನ್ನು ನೋಡಬೇಕು. ಹಗ್ಗ ಬಿಚ್ಚಿದ ಕೂಡಲೇ ಹೊಲದ ಆ ತುದಿಯ ಜಾಲಿಕಂಟಿಯವರೆಗೆ ಒಂದು ಗೆರೆ ಎಳೆದಂತೆ ಹೋಗಿ, ತಿರುಗಿ, ಇನ್ನೊಂದು ದೊಡ್ಡ ಸುತ್ತು ಹಾಕಿ ಬಂತು. ಎಲ್ಲ ಸೇರಿ ಎಂಟೋ ಹತ್ತೋ ನಿಮಿಷ. ಆಮೇಲೆ ಚಕ್ಕಡಿಯ ಕೆಳಗೆ ಮಲಗಿದ್ದು ಸಂಜೆಯವರೆಗೆ ಏಳಲಿಲ್ಲ. ಬುತ್ತಿ ಬಿಚ್ಚಿದಾಗ ಒಮ್ಮೆ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು. ಇಡೀ ತಳಿಯ ದಿನಚರಿ ಇಷ್ಟೇ: ದಿನಕ್ಕೆ ಎರಡು ಸಲ ಹತ್ತು ಹದಿನೈದು ನಿಮಿಷ ಪೂರ್ತಿ ಓಟ, ಉಳಿದ ಹೊತ್ತು ನಿದ್ದೆ. ಮೈತುಂಬ ಚಟುವಟಿಕೆಯ ನಾಯಿ ಎಂದುಕೊಂಡು ಹೆದರುವವರಿಗೆ ಇದು ಗೊತ್ತಿರುವುದಿಲ್ಲ. ಮನೆಯೊಳಗೆ ಲ್ಯಾಬ್ರಡಾರಿಗಿಂತ ಶಾಂತ. ತೊಂದರೆ ಇರುವುದು ಆ ಹತ್ತು ನಿಮಿಷದ ಓಟಕ್ಕೆ ಬೇಲಿ ಇರುವ ಜಾಗ ಎಲ್ಲಿ ಎನ್ನುವುದರಲ್ಲಿ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಾಗಲಿ ಧಾರವಾಡದ ಸಪ್ತಾಪುರದಲ್ಲಾಗಲಿ ಹಗ್ಗ ಬಿಚ್ಚುವ ಹಾಗಿಲ್ಲ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಬೆಕ್ಕೋ ಆಡಿನ ಮರಿಯೋ ಓಡಿದರೆ ಕಿವಿ ಕೆಲಸ ಮಾಡುವುದಿಲ್ಲ, ನಿಮ್ಮ ಕೂಗು ತಲುಪುವ ಮೊದಲು ಅದು ರಸ್ತೆ ದಾಟಿರುತ್ತದೆ. ಅಕ್ಕಪಕ್ಕದಲ್ಲಿ ಕೋಳಿ ಸಾಕಿದವರಿದ್ದರೆ ಜಗಳ ಗ್ಯಾರಂಟಿ. ಮೊಲದ ಬೇಟೆಗೆ ಬಿಡುವ ಹಳೆಯ ಚಟ ಇನ್ನೂ ಕೆಲವರಿಗಿದೆ. ಅದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಕೆಲವು ಸಣ್ಣ ಸಂಗತಿಗಳನ್ನು ತರುವ ಮೊದಲೇ ತಿಳಿದಿರಬೇಕು. ಮುಧೋಳದ ತಲೆ ಕುತ್ತಿಗೆಗಿಂತ ಸಣ್ಣ, ಸಾದಾ ಪಟ್ಟಿ ಹಿಂದಕ್ಕೆ ಜಗ್ಗಿದರೆ ಜಾರಿ ಬರುತ್ತದೆ. ಎರಡು ಇಂಚು ಅಗಲದ, ಎಳೆದಾಗ ಸ್ವಲ್ಪ ಬಿಗಿಯಾಗುವ ಪಟ್ಟಿಯೇ ಬೇಕು. ನಾಲ್ಕಡಿ ಕಾಂಪೌಂಡ್ ಅದಕ್ಕೆ ಲೆಕ್ಕಕ್ಕಿಲ್ಲ, ಆರಡಿಯಾದರೂ ಇರಬೇಕು. ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಬರೀ ಟೈಲ್ಸ್ ಅಥವಾ ಶಹಾಬಾದ ಕಲ್ಲಿನ ಮೇಲೆ ಮಲಗಿ ಮೊಣಕೈ ಗಡುಸಾಗಿ ಹುಣ್ಣಾಗುತ್ತದೆ. ನಾಲ್ಕು ಮಡಿಕೆ ಗೋಣಿಚೀಲವಾದರೂ ಹಾಸಬೇಕು, ಧಾರವಾಡದ ಡಿಸೆಂಬರ್ ಚಳಿಗೆ ಹೊದಿಕೆಯನ್ನೂ ಕೊಡಬೇಕು. ಕೊಬ್ಬು ಕಡಿಮೆ ಎನ್ನುವ ಇದೇ ಕಾರಣಕ್ಕೆ ಅರಿವಳಿಕೆಯ ಕೆಲವು ಔಷಧಗಳ ಅಮಲು ಈ ತಳಿಯಲ್ಲಿ ಬೇಗ ಇಳಿಯುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ದಾಗ ಇದು ಮುಧೋಳ ಎಂದು ಬಾಯಿಬಿಟ್ಟು ಹೇಳಬೇಕು, ಮಿಶ್ರ ತಳಿಯಾಗಿದ್ದರಂತೂ ನೋಡಿದರೆ ಗೊತ್ತಾಗುವುದಿಲ್ಲ. ಇನ್ನು ಪಕ್ಕೆಲುಬು ಎಣಿಸುವಂತೆ ಕಾಣುವುದು ಅದರ ಸಹಜ ಮೈಕಟ್ಟು. "ನಾಯಿಗೆ ಕೂಳ ಹಾಕೂದಿಲ್ಲೇನು" ಎಂದು ಓಣಿಯವರು ಚುಚ್ಚಿದರೆ ತಲೆ ಕೆಡಿಸಿಕೊಂಡು ದಪ್ಪ ಮಾಡಬೇಡಿ.

ಎತ್ತರ 27-28 ಇಂಚು, ತೂಕ 22ರಿಂದ 28 ಕಿಲೋ. ಹೊಲ, ಬೇಲಿ ಇರುವ ತೋಟ, ಇಲ್ಲವೇ ದಿನಾ ಬೆಳಿಗ್ಗೆ ಆರರೊಳಗೆ ಬೇಲಿಯ ಮೈದಾನಕ್ಕೆ ಒಯ್ಯುವ ಒಬ್ಬ ಮನುಷ್ಯ, ಈ ಮೂರರಲ್ಲಿ ಒಂದಿದ್ದರೆ ಇದಕ್ಕಿಂತ ಛಲೋ ನಾಯಿ ನಮ್ಮ ಸೀಮೆಗೆ ಇಲ್ಲ. ಮೂರೂ ಇಲ್ಲದಿದ್ದರೆ ಹೆಮ್ಮೆ ಬದಿಗಿಡುವುದೇ ಲೇಸು.

ಮಳೆಗಾಲ, ಕಿವಿ, ಉಣ್ಣಿ

ಬಿಸಿಲಿನ ಲೆಕ್ಕ ಗದಗಿನವರಿಗೆ ಹೆಚ್ಚು, ಮಳೆಯ ಲೆಕ್ಕ ಧಾರವಾಡ, ಕಲಘಟಗಿ, ಹಾನಗಲ್ಲಿನವರಿಗೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಹಿಡಿದ ಮಳೆಯಲ್ಲಿ ಗೋಲ್ಡನ್ ರಿಟ್ರೀವರಿನ ಕೂದಲು ಬುಡದವರೆಗೆ ಒಣಗುವುದೇ ಇಲ್ಲ. ಒದ್ದೆ ಕೂದಲಿನಡಿ ಚರ್ಮ ಕೆಂಪಾಗಿ, ರಸ ಒಸರಿ, ಎರಡೇ ದಿನದಲ್ಲಿ ಅಂಗೈ ಅಗಲದ ಹುಣ್ಣಾಗುತ್ತದೆ. ಕಾಕರ್ ಸ್ಪ್ಯಾನಿಯಲ್, ಬೀಗಲ್, ಲ್ಯಾಬ್ರಡಾರಿನಂಥ ಜೋಲುಕಿವಿಯ ನಾಯಿಗಳಿಗೆ ಕಿವಿಯೊಳಗೆ ಗಾಳಿಯಾಡದೆ ಬೂಷ್ಟು ಸೋಂಕು. ನಾಯಿ ತಲೆ ಕೊಡವುವುದು, ಕಿವಿಯಿಂದ ಹುಳಿ ವಾಸನೆ, ಕಂದು ಬಣ್ಣದ ಗುಗ್ಗೆ ಇದರ ಗುರುತು. ವಾರಕ್ಕೊಮ್ಮೆ ಕಿವಿ ಸ್ವಚ್ಛ ಮಾಡುವ ದ್ರಾವಣ ಹಾಕಿ, ಬುಡ ನೀವಿ, ಹತ್ತಿಯಿಂದ ಒರೆಸಬೇಕು. ಕಡ್ಡಿ ಹಾಕಬಾರದು. ನೆಟ್ಟಗಿನ ಕಿವಿಯ, ಗಿಡ್ಡ ಕೂದಲಿನ ನಾಯಿಗೆ ಈ ರಗಳೆ ಬಹಳ ಕಡಿಮೆ.

ಉಣ್ಣಿ ಮಾತ್ರ ತಳಿ ನೋಡುವುದಿಲ್ಲ. ಆದರೆ ಹುಡುಕುವುದು ಎಷ್ಟು ಸುಲಭ ಎನ್ನುವುದು ತಳಿಯ ಮೇಲೆ ನಿಂತಿದೆ. ಬಿಳಿ ಗಿಡ್ಡ ಕೂದಲಿನ ನಾಯಿಯ ಮೈ ಎರಡು ನಿಮಿಷದಲ್ಲಿ ನೋಡಿ ಮುಗಿಯುತ್ತದೆ, ಕರಿ ಜರ್ಮನ್ ಶೆಫರ್ಡಿಗೆ ಅರ್ಧ ತಾಸು ಬೇಕು. ಬೆರಳ ಸಂದಿ, ಕಿವಿಯ ಒಳಗೆ, ಕುತ್ತಿಗೆ ಪಟ್ಟಿಯ ಅಡಿ, ಬಾಲದ ಬುಡ. ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣಿ ಕೆಳಗುದುರಿ, ಗೋಡೆಯ ಬಿರುಕಿಗೆ ಹತ್ತಿ, ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೇ ನಾಯಿಯ ಮೈಗೆ ಎಷ್ಟು ಔಷಧ ಹಾಕಿದರೂ, ಗಿಲಾವು ಮಾಡದ ಕಲ್ಲಿನ ಕಾಂಪೌಂಡ್ ಇರುವ ಮನೆಯಲ್ಲಿ ಮೂರು ವಾರಕ್ಕೆ ಮತ್ತೆ ಶುರು. ಬಿರುಕು ಮುಚ್ಚದೆ ಉಣ್ಣಿ ಹೋಗುವುದಿಲ್ಲ. ಕಿತ್ತು ತೆಗೆಯುವಾಗ ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೆಟ್ಟಗೆ ಎಳೆಯಬೇಕು. ಸೀಮೆಎಣ್ಣೆ, ಫಿನೈಲ್, ದನಕ್ಕೆ ಹಾಕುವ ಔಷಧವನ್ನು ಅಂದಾಜಿನ ಮೇಲೆ ಸುರಿಯುವುದು, ಈ ಮೂರರಿಂದ ಉಣ್ಣಿಯ ಜೊತೆ ನಾಯಿಯೂ ಹೋಗುತ್ತದೆ. ನಾಯಿ ಊಟ ಬಿಟ್ಟು, ಜ್ವರ ಬಂದು, ಒಸಡು ಬಿಳಿಚಿದರೆ, ಮೂಗಿನಿಂದ ರಕ್ತ ಬಂದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಉಣ್ಣಿ ಜ್ವರದಲ್ಲಿ ಎರ್ಲಿಕಿಯಾ ಎಂಬ ಬಗೆಗೆ ಡಾಕ್ಸಿಸೈಕ್ಲಿನ್ 28 ದಿನ ಬೇಕು. ಐದು ದಿನಕ್ಕೆ ನಾಯಿ ಗೆಲುವಾಯಿತೆಂದು ಗುಳಿಗೆ ಬಿಡುವುದರಿಂದಲೇ ರೋಗ ಮರುಕಳಿಸುತ್ತದೆ. ಉಣ್ಣಿ ಕೊಲ್ಲಲು ಹನ್ನೆರಡು ವಾರ ಕೆಲಸ ಮಾಡುವ ಫ್ಲೂರಾಲಾನರ್ ಗುಳಿಗೆ ಈಗ ಸಿಗುತ್ತದೆ. ಅದರ ಬೆಲೆ ನಾಯಿಯ ತೂಕಕ್ಕೆ ತಕ್ಕಂತೆ ಏರುತ್ತದೆ ಎನ್ನುವುದನ್ನು ತಳಿ ಆರಿಸುವಾಗಲೇ ನೆನಪಿಡಬೇಕು.

ಕಿಲೋ ಲೆಕ್ಕ

ತೂಕ ಎಂದರೆ ಔಷಧವಷ್ಟೇ ಅಲ್ಲ. 30 ಕಿಲೋದ ದೊಡ್ಡ ಲ್ಯಾಬ್ರಡಾರಿಗೆ ದಿನಕ್ಕೆ ಸುಮಾರು 1,400 ಕ್ಯಾಲೊರಿ ಬೇಕು. ಒಣ ಆಹಾರವಾದರೆ ಹತ್ತಿರ ಹತ್ತಿರ 400 ಗ್ರಾಂ, ತಿಂಗಳಿಗೆ 12 ಕಿಲೋ. ಅಂಗಡಿಯಲ್ಲಿ ಬೆಲೆ ಕೇಳಿ ಹನ್ನೆರಡರಿಂದ ಗುಣಿಸಿ, ಆಮೇಲೆ ಮರಿಯ ಫೋಟೋ ನೋಡಿ. "ನಾವು ರೊಟ್ಟಿ ಹಾಲು ಹಾಕ್ತೀವ್ರಿ" ಎನ್ನುವವರಿಗೆ: ಎಂಟು ಜೋಳದ ರೊಟ್ಟಿಯಲ್ಲಿ ಅಷ್ಟು ಕ್ಯಾಲೊರಿ ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಆದರೆ ಅದರಲ್ಲಿರುವ ಪ್ರೋಟೀನ್ 40 ಗ್ರಾಂ ಆಸುಪಾಸು, ಅದೂ ಲೈಸಿನ್ ಎಂಬ ಅಗತ್ಯ ಅಂಶದ ಕೊರತೆಯದು. ಮೂರ್ನಾಲ್ಕು ರೊಟ್ಟಿ, ಎರಡು ಬೇಯಿಸಿದ ಮೊಟ್ಟೆ, ಕಾಲು ಕಿಲೋ ಬೇಯಿಸಿದ ಕೋಳಿಮಾಂಸ, ಒಂದು ಚಮಚ ನುಣ್ಣಗೆ ಅರೆದ ಮೊಟ್ಟೆಸಿಪ್ಪೆ ಪುಡಿ ಎಂದರೆ ಬೆಳೆದ ನಾಯಿಗೆ ಬಹುಮಟ್ಟಿಗೆ ಸರಿಹೋಗುತ್ತದೆ. ಬೆಳೆಯುವ ದೊಡ್ಡ ತಳಿಯ ಮರಿಗೆ ಮಾತ್ರ ಮನಬಂದಂತೆ ಕ್ಯಾಲ್ಸಿಯಂ ಹಾಕಬಾರದು, ಹೆಚ್ಚಾದರೆ ಎಲುಬು ಕೀಲುಗಳೇ ಸೊಟ್ಟಗಾಗುತ್ತವೆ. ಮನೆಯಲ್ಲಿ ಮಾಂಸ, ಮೊಟ್ಟೆ ತರುವುದೇ ಇಲ್ಲವೆಂದರೆ 30 ಕಿಲೋ ನಾಯಿಯ ಆಸೆ ಬಿಟ್ಟು, ಸಣ್ಣ ನಾಯಿಗೆ ಸಿದ್ಧ ಆಹಾರ ಕೊಡುವುದು ಪ್ರಾಮಾಣಿಕ ದಾರಿ. ನಮ್ಮ ತಾಟಿನ ತುಂಬ ಇರುವ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಸಿಯದಾಗಲಿ ಬೆಂದದ್ದಾಗಲಿ ನಾಯಿಗೆ ವಿಷ. ಕೆಂಪು ರಕ್ತಕಣ ಒಡೆಯುತ್ತವೆ. ಹತ್ತು ಕಿಲೋ ನಾಯಿಗೆ ಎರಡು ಉಳ್ಳಾಗಡ್ಡಿ ಸಾಕು. ಝುಣಕ ಬಳಿದ ರೊಟ್ಟಿ ತುಂಡು ಎಸೆಯುವ ಅಜ್ಜಿಗೆ ಇದನ್ನು ಮೊದಲ ದಿನವೇ ಹೇಳಿ. ಕೇಳುತ್ತಾರೆಂಬ ಭರವಸೆ ಇಲ್ಲ.

ಮೂರನೇ ಮಹಡಿಯ ಫ್ಲ್ಯಾಟಿನವರು ಇನ್ನೊಂದು ಲೆಕ್ಕ ಹಾಕಬೇಕು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರಿಗೆ ಸೊಂಟದ ಕೀಲು ದುರ್ಬಲ. ನುಣುಪು ಟೈಲ್ಸಿನ ಮೇಲೆ ಜಾರುತ್ತ ಬೆಳೆದ ಮರಿಗೆ ಅದು ಇನ್ನೂ ಬೇಗ. ಹತ್ತನೇ ವರ್ಷಕ್ಕೆ ಹಿಂಗಾಲು ಏಳದ ನಾಯಿಯನ್ನು, ಲಿಫ್ಟ್ ನಿಂತ ದಿನ, ಮೂತ್ರಕ್ಕೆಂದು ಕೆಳಗೆ ಹೊತ್ತೊಯ್ಯುವವರು ಯಾರು? ಅಪ್ಪನಿಗೆ ಆಗ ಅರವತ್ತೈದು, ಮಗ ಬೆಂಗಳೂರಿನಲ್ಲಿ. ಗಿಡ್ಡಕಾಲಿನ ಡ್ಯಾಷಂಡ್ ಹಗುರ ನಿಜ, ಆದರೆ ಪಾವಟಿಗೆ ಹತ್ತಿಳಿದರೆ ಅದರ ಬೆನ್ನುಮೂಳೆಯ ಗಾದಿ ಸರಿಯಬಹುದು, ಅದನ್ನೂ ಎತ್ತಿಕೊಂಡೇ ಓಡಾಡಬೇಕು. ಫ್ಲ್ಯಾಟಿಗೆ ಎಂಟು ಹತ್ತು ಕಿಲೋದ ಇಂಡಿಯನ್ ಸ್ಪಿಟ್ಜ್ ಸರಿ. ನಮ್ಮ ಕಡೆ ಪಾಮೇರಿಯನ್ ಎಂದು ಕರೆಯುವುದು ಬಹುಪಾಲು ಇದನ್ನೇ. ಬಾಯಿ ಜೋರು ಎನ್ನುವುದೊಂದೇ ದೂರು. ನಾಯಿ ಸಾಕುವುದನ್ನೇ ಅಪಾರ್ಟ್‌ಮೆಂಟ್ ಸಂಘ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ, ಆದರೆ ಪಕ್ಕದ ಮನೆಯವರ ನಿದ್ದೆಗೆ ಮಾರ್ಗಸೂಚಿ ಇಲ್ಲ.

ಕಾವಲಿಗೆಂದು ರಾಟ್‌ವೀಲರ್ ಕೇಳುವವರಿಗೆ ಒಂದೇ ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಅದೂ ಸೇರಿ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತ್ತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಕಾನೂನು ಬಿಟ್ಟರೂ, ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ ರಾತ್ರಿ ಬಿಡುವ ಮನೆಗೆ ಆ ನಾಯಿ ಸಲ್ಲದು. ಕಟ್ಟಿ ಬೆಳೆಸಿದ 45 ಕಿಲೋ ನಾಯಿ ಮೊದಲು ಕಚ್ಚುವುದು ಹಾಲಿನವನನ್ನೋ ಮನೆಯ ಹುಡುಗನನ್ನೋ. ಕಳ್ಳ ಬರುವುದು ಅಪರೂಪ.

ಹಲ್ಲು ಎಣಿಸಿ, ಕಿವಿ ನೋಡಿ

ಮರಿಯನ್ನೇ ತರುವುದಾದರೆ ಎಂಟು ವಾರ ತುಂಬಿರಬೇಕು, 2017ರ ನಿಯಮದ ಪ್ರಕಾರ ಅದಕ್ಕಿಂತ ಎಳೆಯದನ್ನು ಮಾರುವಂತಿಲ್ಲ. ಮಾರುವವರು "ನಲವತ್ತೈದು ದಿನ ಆಗ್ಯಾವ್ರಿ" ಎನ್ನುತ್ತಾರೆ, ಅದೇ ತಪ್ಪೊಪ್ಪಿಗೆ. ಬಾಯಿ ತೆರೆದು ನೋಡಿ, ಎಂಟು ವಾರಕ್ಕೆ 28 ಹಾಲುಹಲ್ಲು ಇರಬೇಕು. ಕೋರೆಯ ಹಿಂದೆ ಬರೀ ಒಸಡಿದ್ದರೆ ಅದು ತಿಂಗಳ ಕೂಸು. ತಾಯಿಯನ್ನು ತೋರಿಸದವರ ಹತ್ತಿರ ಕೊಳ್ಳಬೇಡಿ, ನಾಳಿನ ಸ್ವಭಾವ ಅಲ್ಲಿ ಕಾಣುತ್ತದೆ. ಕೆನಲ್ ಕ್ಲಬ್ಬಿನ ಕಾಗದ ವಂಶ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಮನೆಯಲ್ಲಿ ಹಿಂದೆ ಪಾರ್ವೋ ಎಂಬ ವಾಂತಿಭೇದಿ ರೋಗದಿಂದ ಮರಿ ಸತ್ತಿದ್ದರೆ ಆ ವೈರಸ್ ಅಂಗಳದ ಮಣ್ಣಿನಲ್ಲಿ ವರ್ಷದವರೆಗೂ ಇರಬಲ್ಲದು. ನೆಲವನ್ನು ಒಂದು ಪಾಲು ದ್ರವ ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ ತೊಳೆಯಬೇಕು, ಲಸಿಕೆಯ ಸರಣಿ 16 ವಾರಕ್ಕೆ ಮುಗಿಯುವವರೆಗೆ ಮರಿಯನ್ನು ಮಣ್ಣಿಗೆ ಬಿಡಬಾರದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಇಷ್ಟೆಲ್ಲ ಅಳೆದು ನೋಡಿದ ಮೇಲೆ ಹತ್ತರಲ್ಲಿ ಆರು ಮನೆಗಳಿಗೆ ಒಗ್ಗುವುದು, ನಾವು ಕಂತ್ರಿ ಎಂದು ಹಳಿಯುವ ನಾಯಿಯೇ ಎಂದು ನನ್ನ ಅಂದಾಜು. (ಇಂಗ್ಲಿಷಿನ ಕಂಟ್ರಿ ಸವೆದು ಕಂತ್ರಿ ಆಯಿತು ಎನ್ನುತ್ತಾರೆ. ಅಂದರೆ ನಾಡನಾಯಿ. ಅದು ಬೈಗುಳ ಆದದ್ದು ಹೇಗೋ.) ಉದ್ದ ಮೂತಿ, ಗಿಡ್ಡ ಕೂದಲು, ನೆಟ್ಟಗಿನ ಕಿವಿ, 15-20 ಕಿಲೋ: ಮೇಲೆ ಹೇಳಿದ ಒಂದೊಂದು ತೊಡಕಿಗೂ ಈ ಮೈಕಟ್ಟು ಉತ್ತರ. ದೋಷವಿಲ್ಲವೆಂದಲ್ಲ. ಮೂರರಿಂದ ಹದಿನಾಲ್ಕು ವಾರದೊಳಗೆ ಮನುಷ್ಯರ ಕೈ ಸೋಂಕದ ಮರಿ ಜೀವಮಾನವಿಡೀ ಅಂಜುತ್ತದೆ, ಬೀದಿಯಲ್ಲೇ ಬೆಳೆದದ್ದು ಮುಚ್ಚಿದ ಗೇಟನ್ನು ಒಪ್ಪುವುದಿಲ್ಲ. ಅದಕ್ಕೇ ಓಣಿಯಲ್ಲಿ ಒಂದೆರಡು ವರ್ಷದ ನಾಯಿಯನ್ನು ಹದಿನೈದು ದಿನ ಗಮನಿಸಿ. ಸ್ಕೂಟರ್ ಹೋದಾಗ ಬೆನ್ನಟ್ಟುತ್ತದೆಯೇ, ಶಾಲೆ ಬಿಟ್ಟ ಮಕ್ಕಳ ಗದ್ದಲದ ನಡುವೆ ಬಾಲ ಹೇಗಿರುತ್ತದೆ, ತಿನ್ನುತ್ತಿರುವಾಗ ಹತ್ತಿರ ಹೋದರೆ ಗುರುಗುಟ್ಟುತ್ತದೆಯೇ, ಗಣಪತಿ ಹಬ್ಬದ ಪಟಾಕಿಗೆ ಎಲ್ಲಿ ಅಡಗುತ್ತದೆ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಎಂದು ಗುರುತು, ಆ ಹೊತ್ತಿಗೆ ರೇಬೀಸ್ ಲಸಿಕೆಯನ್ನೂ ಹಾಕಿರುತ್ತಾರೆ, ಆದರೆ ಯಾವ ವರ್ಷ ಎಂದು ಗೊತ್ತಿಲ್ಲದ್ದರಿಂದ ಮನೆಗೆ ತಂದ ವಾರದಲ್ಲೇ ಮತ್ತೊಮ್ಮೆ ಹಾಕಿಸಿ. ಮಧ್ಯಾಹ್ನ ಎರಡಕ್ಕೆ ಎಲ್ಲಿ ಮಲಗಬೇಕು ಎನ್ನುವುದನ್ನು ಅದಕ್ಕೆ ಕಲಿಸಬೇಕಾಗಿಲ್ಲ. ನಿಮ್ಮದೇ ಕಾಂಪೌಂಡಿನ ಬೇವಿನ ಮರದ ಬುಡದಲ್ಲಿ, ನೀರಿನ ಟಾಕಿಯ ಪಕ್ಕದ ಹಸಿ ಮಣ್ಣಿನಲ್ಲಿ, ಅದು ಆಗಲೇ ಕುಣಿ ತೋಡಿರಬಹುದು.